ಗಂಟಿಲ್ಲದ ಎಳೆ

"ದೊಡ್ಡಮ್ಮ, ಮತ್ತೆ ಅಲ್ಲೇ," ಎಂದ ನನ್ನ ತಂಗಿಯ ಮಗ.

ಗಾಜಿನ ಆಚೆ ಕುಳಿತಿದ್ದ ಅವನ ಮಾತು ನನ್ನ ಹೆಡ್‌ಫೋನಿನಲ್ಲಿ ಬಂತು. ನಾನು ಉಸಿರು ತೆಗೆದುಕೊಂಡಿಲ್ಲ ಎಂದೆ. ಅವನು ವಾದಕ್ಕೆ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ರೆಕಾರ್ಡಿಂಗ್ ಮಾಡುವವನ ಕಡೆ ನೋಡಿದ. ಆತ ಮಾತು ಕಡಿಮೆಯ ಮನುಷ್ಯ. ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುವುದು. ಮೌನಿ ಒಂದು ಗುಂಡಿ ಒತ್ತಿದ. ನನ್ನ ದನಿ ನನಗೇ ಕೇಳಿಸಿತು. ಸ್ವರ ಏರಿತು, ಮೇಲೆ ಹೋಗಿ ನಿಂತಿತು. ಅಲ್ಲಿಂದ ಇಳಿಯುವುದಕ್ಕೆ ಸ್ವಲ್ಪ ಮೊದಲು, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂತೆ ಸಣ್ಣದೊಂದು ಸದ್ದು. ಅದು ನನ್ನ ಉಸಿರು. ತೆಗೆದುಕೊಂಡದ್ದು ನನಗೆ ಗೊತ್ತೇ ಆಗಿರಲಿಲ್ಲ.

ಕೆಲಸ ಒಂದು ಹೊಲಿಗೆ ದಾರದ ಕಂಪನಿಯದು. ಟೀವಿಯ ಜಾಹೀರಾತಿಗೆ ಸಂಗೀತ ಬೇಕಾಗಿತ್ತು. ಚಿತ್ರವನ್ನು ಅವರು ಮೊದಲೇ ತೆಗೆದುಕೊಂಡಿದ್ದರು. ಒಬ್ಬ ಮುದುಕಿಯ ಕೈಯಲ್ಲಿರುವ ರೀಲಿನಿಂದ ದಾರ ಹೊರಡುತ್ತದೆ. ಕಿಟಕಿ ದಾಟಿ, ಬಟ್ಟೆ ಒಣಹಾಕಿದ ತಂತಿಯ ಉದ್ದಕ್ಕೂ ಹೋಗಿ, ಒಂದು ಮಗುವಿನ ಅಂಗಿಯ ಗುಂಡಿಯಲ್ಲಿ ಹೊಕ್ಕು ಹೊರಬಂದು, ಆಸ್ಪತ್ರೆಯ ಪರದೆಯ ಅಂಚಿನಲ್ಲಿ ಸಾಗಿ, ದೋಣಿಯ ಹಾಯಿಯನ್ನು ಬಳಸಿ, ಕೊನೆಗೆ ಅದೇ ಮುದುಕಿಯ ಸೂಜಿಯ ಕಣ್ಣಿಗೆ ಬಂದು ಸೇರುತ್ತದೆ. ಎಲ್ಲ ಸೇರಿ ಮುಕ್ಕಾಲು ನಿಮಿಷ. ಚಿತ್ರವನ್ನು ಎಲ್ಲಿಯೂ ಕತ್ತರಿಸಿಲ್ಲ. ಕಂಪನಿಯ ಮೇಡಂ ಹೇಳಿದ್ದು ಇಷ್ಟೇ. ವಾದ್ಯ ಬೇಡ, ಮನುಷ್ಯರ ದನಿ ಇರಲಿ. ಆ ದನಿಯೂ ದಾರದ ಹಾಗೆಯೇ ಕಡಿಯದೆ ಬರಬೇಕು. ದಾರದ ಜಾಹೀರಾತಿನಲ್ಲಿ ಹಾಡು ತುಂಡಾದರೆ ಜನ ನಗುತ್ತಾರೆ.

ಜಾಹೀರಾತಿನ ಸಂಗೀತ ಮಾಡುವುದೇ ನನ್ನ ತಂಗಿಯ ಮಗನ ಕಸುಬು. ನಲವತ್ತು ದಾಟಿದ್ದರೂ ನಮ್ಮ ಮನೆಯಲ್ಲಿ ಅವನು ಇನ್ನೂ ಪುಟ್ಟನೇ. ತಾಯಿ ಹೋದಮೇಲೆ ಅವನ ಕೈಯಲ್ಲಿ ಯಾವ ಕೆಲಸವೂ ನಿಂತಿರಲಿಲ್ಲ. ಒಪ್ಪಿಕೊಂಡದ್ದನ್ನು ಅರ್ಧಕ್ಕೆ ಬಿಟ್ಟ, ಮುಗಿಸಿದ್ದನ್ನು ಜನ ಒಪ್ಪಲಿಲ್ಲ. ಕರೆಯುವವರೂ ಕಡಿಮೆಯಾದರು. ಬಹಳ ದಿನಗಳ ಮೇಲೆ ಬಂದ ಕೆಲಸ ಇದು. ಇದೂ ಕೈತಪ್ಪಿದರೆ ಸ್ಟುಡಿಯೋದ ಬೀಗದಕೈಯನ್ನು ಕಟ್ಟಡದವರಿಗೆ ಕೊಟ್ಟು ಎಲ್ಲಿಯಾದರೂ ಇನ್ನೊಬ್ಬರ ಕೈಕೆಳಗೆ ಸೇರಿಕೊಳ್ಳುತ್ತೇನೆ, ರಾಗ ಹಾಕುವುದು ಇನ್ನು ಸಾಕು ಎಂದು ಹೆಂಡತಿಯ ಮುಂದೆ ಹೇಳಿದ್ದನಂತೆ. ಅವಳು ನಮ್ಮ ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತು ಅದನ್ನು ಹೇಳಿದಳು. ಅತ್ತೆಮ್ಮ, ನೀವು ಒಪ್ಪಿದರೆ ಮಾತ್ರ ಇದು ಆಗುತ್ತದೆ ಎಂದಳು. ನಾನು ಒಪ್ಪಿದೆ.

ಅವನು ರಾಗವನ್ನು ಚೆನ್ನಾಗಿಯೇ ಕಟ್ಟಿದ್ದ. ಕೆಳಗೆ ಗಂಡಸರು ಬಾಯಿ ಮುಚ್ಚಿ ಹಿಡಿಯುವ ಒಂದು ಆಧಾರಸ್ವರ. ಅದರ ಮೇಲೆ ಹೆಂಗಸರ ಮೆಲುವಾದ ಊಕಾರ. ಹೊಲಿಗೆ ಯಂತ್ರದ ಓಟಕ್ಕೆ ಒಬ್ಬ ಹುಡುಗಿ ನಾಲಗೆಯ ತುದಿಯಲ್ಲೇ ಮಾಡಿದ ಟಿಕಿಟಿಕಿ. ಇವೆಲ್ಲ ರೆಕಾರ್ಡಾಗಿ ಮೌನಿಯ ಪೆಟ್ಟಿಗೆಯೊಳಗೆ ಕುಳಿತಿದ್ದವು. ಎಲ್ಲಕ್ಕಿಂತ ಮೇಲೆ ಹೋಗುವ ಒಂದು ಎಳೆ ಮಾತ್ರ ಬಾಕಿ. ಬರೀ 'ಆ' ಎನ್ನುವ ಆಕಾರ, ಮಾತಿಲ್ಲ. ಕೊನೆಯಲ್ಲಿ ಮಾತ್ರ ಕಂಪನಿಯ ಹೆಸರು. ಆ ಎಳೆಯನ್ನು ಅವನು ನನ್ನನ್ನೂ ತನ್ನ ತಾಯಿಯನ್ನೂ ನೆನೆದು ಕಟ್ಟಿದ್ದ. ಬಾಯಿಬಿಟ್ಟು ಹೇಳಲಿಲ್ಲ. ಕೇಳಿದ ಕೂಡಲೇ ನನಗೆ ತಿಳಿಯಿತು.

ನಾವು ಅಕ್ಕತಂಗಿ ಈ ಕಸುಬಿನಲ್ಲಿಯೇ ಮುದುಕಿಯರಾದವರು. ಸೋಪು, ಬೆಂಕಿಪೊಟ್ಟಣ, ಸೈಕಲ್ಲು, ಸೊಳ್ಳೆಬತ್ತಿ, ಎಲ್ಲಕ್ಕೂ ಹಾಡಿದ್ದೇವೆ. ನಮ್ಮನ್ನು ಜನ ಒಂದೇ ಉಸಿರಿನ ಅಕ್ಕತಂಗಿ ಎನ್ನುತ್ತಿದ್ದರು. ಎಷ್ಟು ಉದ್ದದ ಸ್ವರ ಕೊಟ್ಟರೂ ನಮ್ಮಲ್ಲಿ ಅದು ಕಡಿಯುತ್ತಿರಲಿಲ್ಲ. ಇದರಲ್ಲಿ ಮಂತ್ರವೇನೂ ಇರಲಿಲ್ಲ. ನಾವು ಒಂದೇ ಮೈಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. ನನ್ನ ಬಲಗೈಯ ಕಿರುಬೆರಳು ಅವಳ ಎಡಗೈಯ ಕಿರುಬೆರಳಿಗೆ ಕೊಂಡಿ ಹಾಕಿರುತ್ತಿತ್ತು. ಉಸಿರು ಬೇಕಾದವಳು ಬೆರಳು ಒತ್ತಬೇಕು. ಒತ್ತಿಸಿಕೊಂಡವಳು ಸ್ವರವನ್ನು ಒಂದಿಷ್ಟು ತುಂಬಿ ಹಿಡಿದಿರಬೇಕು. ಒತ್ತಿದವಳು ಉಸಿರು ತುಂಬಿಕೊಂಡು ಬಂದು ಸೇರುವಷ್ಟರಲ್ಲಿ ಇನ್ನೊಬ್ಬಳ ಸರದಿ. ನಮ್ಮಿಬ್ಬರ ದನಿಯೂ ಒಂದೇ ಬಣ್ಣದ್ದಾದ್ದರಿಂದ ಹೋದದ್ದೂ ಬಂದದ್ದೂ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲಾಮೇಲೆ ಒತ್ತುವ ಅಗತ್ಯವೂ ಬೀಳುತ್ತಿರಲಿಲ್ಲ. ಸ್ವರ ಏರಿ ನಿಂತಮೇಲೆ ನನ್ನ ಉಸಿರು, ಇಳಿದಮೇಲೆ ಅವಳದು. ಮೈಗೆ ಅದೇ ರೂಢಿಯಾಯಿತು.

ಆ ರೂಢಿಯೇ ಈಗ ಕಾಲಿಗೆ ತೊಡರಿಕೊಂಡಿತ್ತು. ಒಪ್ಪಿಕೊಳ್ಳುವಾಗ ನಾನು ಪುಟ್ಟನಿಗೆ ಒಂದು ಮಾತು ಹೇಳಿದ್ದೆ. ಎರಡು ಪಾಲನ್ನೂ ನಾನೇ ಹಾಡುತ್ತೇನೆ, ನನ್ನ ಪಕ್ಕದಲ್ಲಿ ಯಾರನ್ನೂ ನಿಲ್ಲಿಸಬೇಡ. ಅವನೂ ಸರಿ ಎಂದಿದ್ದ. ಒಮ್ಮೆ ನನ್ನ ಪಾಲು ಹಾಡುವುದು, ಅದರ ಮೇಲೆ ತಂಗಿಯ ಪಾಲು ಹಾಡುವುದು. ಯಂತ್ರ ಎರಡನ್ನೂ ಸೇರಿಸುತ್ತದೆ. ಹೇಳುವುದಕ್ಕೆ ಸುಲಭ. ಆದರೆ ತಂಗಿಯ ಪಾಲನ್ನು ಹಾಡುವಾಗಲೂ ನನ್ನ ಮೈ ನನ್ನ ಜಾಗದಲ್ಲೇ ಉಸಿರು ಎಳೆಯುತ್ತಿತ್ತು. ಎರಡರಲ್ಲೂ ತೂತು ಒಂದೇ ಕಡೆ. ಒಂದರ ಮೇಲೆ ಒಂದಿಟ್ಟರೂ ತೂತು ಮುಚ್ಚಲಿಲ್ಲ. ಪುಟ್ಟ ಸ್ವರದ ಹಾಳೆಯ ಮೇಲೆ ಕೆಂಪು ಗೀಟು ಹಾಕಿ, ಇಲ್ಲಿ ಬೇಡ, ಅಲ್ಲಿ ತೆಗೆದುಕೋ ಎಂದು ತೋರಿಸಿದ. ಗೀಟು ನೋಡಿಕೊಂಡು ಹಾಡಿದರೆ ದನಿ ಕಂಪಿಸುತ್ತಿತ್ತು. ಕಂಪಿಸದಂತೆ ಹಾಡಿದರೆ ಗೀಟು ಮರೆಯುತ್ತಿತ್ತು.

ಹಿಂದಿನ ದಿನ ಮೌನಿ ತುಂಡುಗಳನ್ನು ಜೋಡಿಸಿ ಒಂದು ಎಳೆ ಮಾಡಿ ಕೊಟ್ಟಿದ್ದ. ನಮ್ಮ ಕಿವಿಗೆ ಅದು ಸರಿಯಾಗಿಯೇ ಇತ್ತು. ಮೇಡಂ ಬಂದು ಕೇಳಿದರು. ಆಕೆ ಕಂಪನಿ ಸೇರಿದ ಹೊಸದರಲ್ಲಿ ದಾರ ಪರೀಕ್ಷಿಸುವ ಕೋಣೆಯಲ್ಲಿ ಇದ್ದವರಂತೆ. ಕಣ್ಣು ಮುಚ್ಚಿ ಎರಡು ಬೆರಳಿನ ನಡುವೆ ಎಳೆಯನ್ನು ಹರಿಯಬಿಡುವುದು ಅಲ್ಲಿಯ ಕೆಲಸ. ಹಾಡನ್ನೂ ಹಾಗೆಯೇ ಕಣ್ಣು ಮುಚ್ಚಿ ಕೇಳಿದರು. "ಇಲ್ಲೊಂದು ಗಂಟಿದೆ," ಎಂದರು. ತುಂಡು ಜೋಡಿಸಿದ ಜಾಗ ಅದೇ. ಗಂಟಿನ ಈಚೆಗೆ ದಣಿದ ದನಿ, ಆಚೆಗೆ ಉಸಿರು ತುಂಬಿದ ದನಿ. ಬೇರೊಂದು ಸ್ಟುಡಿಯೋದವರು ಕಂಪ್ಯೂಟರಿನಲ್ಲೇ ದನಿ ಹುಟ್ಟಿಸಿ ಮಾದರಿ ಕಳಿಸಿದ್ದಾರೆ, ಅದಕ್ಕೆ ಉಸಿರೇ ಬೇಡವಂತೆ, ನಾಳೆ ಮಧ್ಯಾಹ್ನದ ಮೀಟಿಂಗಿಗೆ ಹೋಗುವ ಮುಂಚೆ ಬರುತ್ತೇನೆ, ಗಂಟಿಲ್ಲದ್ದು ಇದ್ದರೆ ಕೊಡಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದರು. ಆ ಮಧ್ಯಾಹ್ನವೇ ಈಗ ಹತ್ತಿರ ಬರುತ್ತಿತ್ತು.

ಸ್ಟುಡಿಯೋ ಇದ್ದದ್ದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಕೆಳಗೆ ಕಬ್ಬಿಣದ ಸಾಮಾನಿನ ಅಂಗಡಿ. ಅಲ್ಲಿ ಪೈಪು ಕತ್ತರಿಸುವ ಯಂತ್ರ ಕೂಗಿದರೆ ನಾವು ಹಾಡು ನಿಲ್ಲಿಸಬೇಕು. ಹಾಡುವ ಕೋಣೆಯ ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು; ಬಾಗಿಲು ಮಂಜುಗಡ್ಡೆ ಗೋದಾಮಿನ ಬಾಗಿಲಿನಷ್ಟು ದಪ್ಪ. ತಂಪಿನ ಯಂತ್ರ ಸದ್ದು ಮಾಡುತ್ತದೆ ಎಂದು ಹಾಡುವಾಗ ಅದನ್ನೂ ನಿಲ್ಲಿಸುತ್ತಾರೆ. ನನ್ನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಇನ್ನೊಮ್ಮೆ ಎಂದ ಪುಟ್ಟ. ಇನ್ನೊಮ್ಮೆ ಹಾಡಿದೆ. ಮತ್ತೆ ಅಲ್ಲೇ.

ಆಗ ಆ ದಪ್ಪ ಬಾಗಿಲು ತೆರೆಯಿತು. ಗುಬ್ಬಿ ಒಳಗೆ ಬಂದಳು.

ಹೆಸರು ಗುಬ್ಬಿ; ಆಳು ಬೀರುವಿನಂತೆ. ಎಳೆಯ ವಯಸ್ಸಿನಲ್ಲಿ ಸಣಕಲಾಗಿದ್ದಾಗ ಇಟ್ಟ ಹೆಸರು ಹಾಗೆಯೇ ಉಳಿದುಬಿಟ್ಟಿತ್ತು. ಅವಳು ಜೀವಮಾನವೆಲ್ಲ ಕೋರಸ್ಸಿನಲ್ಲಿ ಹಾಡಿದವಳು. ನಾವಿಬ್ಬರೂ ಮುಂದಿನ ಮೈಕಿನಲ್ಲಿದ್ದರೆ ಅವಳು ನಮ್ಮ ಬೆನ್ನ ಹಿಂದೆ. ನಾಲಗೆ ಮೆಣಸಿನಕಾಯಿ. ನನ್ನ ತಂಗಿಗೆ ಅವಳೆಂದರೆ ಇಷ್ಟ. ನನಗೆ ಅಷ್ಟಕ್ಕಷ್ಟೆ.

"ಲಿಫ್ಟ್ ಇಲ್ಲದ ಮಹಡೀಲಿ ಉಸಿರಿನ ಹಾಡು ಇಟ್ಕೊಂಡಿದೀರಲ್ಲಪ್ಪ," ಎಂದಳು ಗಾಜಿನ ಕಡೆ ತಿರುಗಿ. "ನನ್ನ ಉಸಿರೆಲ್ಲ ಮೆಟ್ಟಿಲ ಮೇಲೇ ಖರ್ಚಾಯ್ತು."

ನಾನು ಹೆಡ್‌ಫೋನ್ ತೆಗೆದು ಹೊರಗೆ ಹೋದೆ. ಪುಟ್ಟ ಎದ್ದು ನಿಂತ.

"ಯಾರನ್ನೂ ನಿಲ್ಲಿಸ್ಬೇಡ ಅಂದಿದ್ನಲ್ಲ."

"ನಿಲ್ಲಿಸಿಲ್ಲ ದೊಡ್ಡಮ್ಮ. ಕರೆದಿದೀನಿ, ಅಷ್ಟೆ."

ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿ ಹಿಡಿದು ಸಿಕ್ಕಿಬಿದ್ದಾಗಲೂ ಅವನು ಇಂಥದ್ದೇ ಉತ್ತರ ಕೊಡುತ್ತಿದ್ದ. ಆದರೆ ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಗಡ್ಡ ಬೆಳೆದಿತ್ತು. ಬಯ್ಯುವುದನ್ನು ಬಿಟ್ಟೆ. ಒಂದು ಸಲ ಹಾಡಿ ನೋಡೋಣ ಎಂದೆ; ಆದರೆ ಅವಳಿಗೆ ಬೇರೆ ಮೈಕು ಹಾಕು, ನಡುವೆ ದನಿ ತಡೆಯುವ ಹಲಗೆ ಇಡು ಎಂದೆ. ಮೌನಿ ಹಾಗೆಯೇ ಮಾಡಿದ. ಗುಬ್ಬಿ ಹಲಗೆಯ ಆಚೆ ನಿಂತು, ಇಷ್ಟು ವರ್ಷ ನಿಮ್ಮ ಬೆನ್ನು ನೋಡಿದ್ದಾಯಿತು, ಮುಖ ನೋಡುವ ಭಾಗ್ಯ ಬಂತು ಅಂದುಕೊಂಡರೆ ಅಡ್ಡ ಗೋಡೆ ಹಾಕಿಸಿದಿರಿ ಎಂದು ಗೊಣಗಿದಳು. ಅವಳ ದನಿ ಕೆಟ್ಟಿರಲಿಲ್ಲ. ನನ್ನ ದನಿಯ ಪಕ್ಕದಲ್ಲಿ ಇಟ್ಟರೆ ಎದ್ದು ಕಾಣುವಂಥದ್ದೂ ಆಗಿರಲಿಲ್ಲ. ಅದು ನನಗೆ ಸಮಾಧಾನವನ್ನೂ ಕೊಟ್ಟಿತು, ಸಂಕಟವನ್ನೂ ಕೊಟ್ಟಿತು.

ಹಾಡಿದೆವು. ತೂತು ಅಲ್ಲೇ ಬಿತ್ತು, ಮೊದಲಿಗಿಂತ ದೊಡ್ಡದಾಗಿ. ಪುಟ್ಟ ಅವಳಿಗೆ ಹಾಳೆ ತೋರಿಸಿದ. ಅವಳು ತಲೆಯಾಡಿಸಿದಳು. ಮತ್ತೆ ಹಾಡಿದೆವು, ಮತ್ತೆ ಅದೇ. ಕೆಳಗೆ ಪೈಪು ಕತ್ತರಿಸುವ ಯಂತ್ರ ಕೂಗಿತು. ಅದು ನಿಲ್ಲುವವರೆಗೆ ಎಲ್ಲರೂ ಇದ್ದಲ್ಲೇ ಕಾದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅದು ನಿಂತಮೇಲೆ ಇನ್ನೊಮ್ಮೆ ಹಾಡಿದೆವು. ಆಗ ಮೌನಿ ಬಾಯಿಬಿಟ್ಟ.

"ಇಬ್ರೂ ಒಟ್ಟಿಗೇ ತಗೊಳ್ತಿದೀರಿ."

ಗುಬ್ಬಿ ಹಲಗೆಯ ಪಕ್ಕದಿಂದ ಇಣುಕಿದಳು. "ನಾನೇನ್ ಮಾಡ್ಲಿ? ಮುಂದಿರೋರು ಉಸಿರು ತಗೊಂಡಾಗ ಹಿಂದಿರೋರು ತಗೋಬೇಕು. ಇದರಲ್ಲೇ ಅನ್ನ ತಿಂದಿದೀನಿ. ಹಾಳೆ ನೋಡು ಅಂತಾನೆ ಇವನು. ಅಕ್ಕನ ಉಸಿರು ಕಿವಿಗೆ ಬಿದ್ದ ಕೂಡ್ಲೆ ನನ್ನ ಎದೆ ತಾನೇ ಏಳುತ್ತೆ."

ಆಗ ನಮಗೆ ವಿಷಯ ತಿಳಿಯಿತು. ಕೋರಸ್ಸಿನ ಮೊದಲ ಪಾಠವೇ ಅದು: ಮುಂದಾಳು ಉಸಿರೆಳೆದಾಗ ಎಲ್ಲರೂ ಎಳೆಯಬೇಕು. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ಬಿಟ್ಟು ಹಾಡು ಚಿಂದಿಯಾಗುತ್ತದೆ. ನಾನು ನನ್ನ ತಂಗಿ ಹಿಡಿದಿರುತ್ತಾಳೆ ಎಂದು ಬಿಡುತ್ತಿದ್ದೆ. ಇವಳು ನಾನು ಬಿಟ್ಟೆನೆಂದು ಬಿಡುತ್ತಿದ್ದಳು. ತಪ್ಪು ಇಬ್ಬರದೂ ಅಲ್ಲ. ಆದರೂ ಎಳೆ ಕಡಿಯುತ್ತಿತ್ತು.

"ಹಲಗೆ ತೆಗೀರಿ," ಎಂದಳು ಗುಬ್ಬಿ. "ಅಕ್ಕ, ಬೆರಳು ಕೊಡಿ."

ನನಗೆ ಅರ್ಥವಾಗಲಿಲ್ಲವೆಂಬಂತೆ ನಿಂತೆ.

"ನಾನು ಹಿಂದೆ ನಿಂತವಳು. ನಿಮ್ಮ ಮುಖ ಕಾಣ್ತಿರ್ಲಿಲ್ಲ, ಕೈ ಕಾಣ್ತಿತ್ತು. ಎಲ್ಲಿ ಒತ್ತಿದ್ರಿ, ಯಾರು ಒತ್ತಿದ್ರು, ಎಲ್ಲಾ ನೋಡಿದೀನಿ. ಕೊಡಿ."

"ಅದಾಗಲ್ಲ," ಎಂದೆ.

"ಯಾಕಾಗಲ್ಲ?"

"ಅದು ಅವಳದು."

ಗುಬ್ಬಿಯ ಮುಖ ಕಪ್ಪಿಟ್ಟಿತು. "ಸರಿ. ನಾನು ಹಿಂದಿನ ಸಾಲಿನವಳು, ಮರೆತಿದ್ದೆ," ಎಂದು ಹೇಳಿ ಮೂಲೆಯ ಕುರ್ಚಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳತೊಡಗಿದಳು.

ಅವಳಿಗೆ ನಾನು ಏನೆಂದು ಹೇಳಲಿ? ಕೊನೆಯ ದಿನ ಆಸ್ಪತ್ರೆಯಲ್ಲಿ ತಂಗಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು. ಮಾತಾಡುವಂತಿರಲಿಲ್ಲ. ಪರದೆ ಎಳೆದಿತ್ತು. ನಾನು ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಅವಳ ಕಿರುಬೆರಳಿಗೆ ನನ್ನ ಕಿರುಬೆರಳು ಸೇರಿಸಿ, ದೇವರ ಹೆಸರು ಹೇಳಿಕೊಳ್ಳುತ್ತ ಕುಳಿತಿದ್ದೆ. ಅವಳು ಕಣ್ಣು ತೆರೆಯಲಿಲ್ಲ. ಬೆರಳು ಒತ್ತಿದಳು. ಸ್ಪಷ್ಟವಾಗಿ, ಮೈಕಿನ ಮುಂದೆ ಒತ್ತುವಂತೆಯೇ. ನಾನು ಉಸಿರು ತಗೊಳ್ತೀನಿ, ನೀನು ಹಿಡಿದಿರು. ಅದಕ್ಕೆ ಬೇರೆ ಅರ್ಥ ನಮ್ಮಿಬ್ಬರಲ್ಲಿ ಇರಲಿಲ್ಲ. ನಾನು ಕಾದೆ. ಆಮೇಲೆ ನರ್ಸ್ ಬಂದು ನೋಡಿ, ಯಂತ್ರದ ಗುಂಡಿ ತಿರುಗಿಸಿ ಆರಿಸಿದಳು.

ನಮ್ಮ ಮನೆಯಲ್ಲಿ ಬೆಳಗಿನ ಪ್ರಾರ್ಥನೆಯನ್ನು ನಾವಿಬ್ಬರೂ ಹಾಡಿಯೇ ಹೇಳುತ್ತಿದ್ದೆವು. ಅಂದಿನಿಂದ ನಾನು ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಏಳುತ್ತಿದ್ದೆ. ದೇವರಿಗೆ ಕೇಳಿಸುತ್ತದೆ, ಬಾಯಿ ಯಾಕೆ ಬೇಕು ಎಂದುಕೊಳ್ಳುತ್ತಿದ್ದೆ. ಆ ಬೆರಳನ್ನು ಮಾತ್ರ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಬೀದಿ ದಾಟುವಾಗ ಪುಟ್ಟನ ಮಗಳು ಕೈ ಹಿಡಿಯಲು ಬಂದರೂ ಎಡಗೈ ಕೊಡುತ್ತಿದ್ದೆ.

ಕಂಪನಿಯ ಮೇಡಂ ಹೇಳಿದ್ದಕ್ಕಿಂತ ಮೊದಲೇ ಬಂದರು. ಗಾಜಿನ ಆಚೆ ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತದ್ದು ಕಾಣಿಸಿತು. ನಮ್ಮ ಕೋಣೆಗೆ ಮಾತು ಕಳಿಸುವ ಗುಂಡಿಯನ್ನು ಯಾರೂ ಮುಚ್ಚಿರಲಿಲ್ಲ. ಹೆಡ್‌ಫೋನ್ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅದರೊಳಗಿಂದ ಅವರ ಮಾತೆಲ್ಲ ಸಣ್ಣಗೆ ಬರುತ್ತಿತ್ತು.

ಮೇಡಂ ಗಡುಸಾಗಿ ಏನೂ ಹೇಳಲಿಲ್ಲ. ನಿಮ್ಮ ರಾಗ ನಮ್ಮವರಿಗೆಲ್ಲ ಹಿಡಿಸಿದೆ, ಮೇಲಿನ ಎಳೆಯನ್ನು ಮಾತ್ರ ಆ ಕಂಪ್ಯೂಟರಿನವರಿಂದ ಹಾಡಿಸೋಣ, ಕೇಳುವವರಿಗೆ ಗೊತ್ತಾಗುವುದಿಲ್ಲ, ನಿಮ್ಮ ಹೆಸರೂ ಇರುತ್ತದೆ ಎಂದರು. ಇದು ನನಗೆ ಹೊಸದು. ಪುಟ್ಟ ಒಪ್ಪಿಬಿಟ್ಟರೆ ಕೆಲಸ ಉಳಿಯುತ್ತದೆ. ನಾನು ಅವನ ಬೆನ್ನನ್ನೇ ನೋಡುತ್ತ ನಿಂತೆ. ಗುಬ್ಬಿಯೂ ಮೊಣಕಾಲು ನೀವುವುದನ್ನು ನಿಲ್ಲಿಸಿದಳು.

"ಅದು ಬೇಡ ಮೇಡಂ," ಎಂದ ಪುಟ್ಟ. "ಅದನ್ನ ಹಾಕೋದಾದ್ರೆ ರಾಗಾನೂ ಅವರೇ ಮಾಡ್ಲಿ. ನಾನು ಇದನ್ನ ಬಿಟ್ಬಿಡ್ತೀನಿ."

"ಯಾಕ್ರೀ ಇಷ್ಟು ಹಟ?"

"ಹಟ ಅಲ್ಲ. ಅಮ್ಮ ಹೋದಾಗಿಂದ ನಮ್ಮ ದೊಡ್ಡಮ್ಮ ಹಾಡೋಕೆ ಬಾಯಿ ತೆಗೆದಿರ್ಲಿಲ್ಲ. ಮನೇಲಿ ಬೆಳಗ್ಗೆ ಎದ್ರೆ ಒಂದು ಸದ್ದಿಲ್ಲ. ಅವರು ಹಾಡ್ಲಿ ಅಂತಾನೇ ಇದನ್ನ ಕಟ್ಟಿದ್ದು. ಅವರಿಗೆ ಹೇಳ್ಬೇಡಿ."

ನಾನು ಅಲ್ಲಿಯವರೆಗೆ ಅವನ ಕೆಲಸ ಉಳಿಸಲು ಬಂದಿದ್ದೇನೆ ಎಂದುಕೊಂಡಿದ್ದೆ.

ದೇವರೇ ಎಂದೆ. ಅದಕ್ಕಿಂತ ಹೆಚ್ಚು ಏನನ್ನೂ ಕೇಳಿಕೊಳ್ಳಲು ತೋಚಲಿಲ್ಲ. ಗುಬ್ಬಿಯ ಮುಂದೆ ಹೋಗಿ ನಿಂತೆ. ಅವಳು ತಲೆಯೆತ್ತಲಿಲ್ಲ.

"ಏಳಿ," ಎಂದೆ.

"ಯಾಕೆ? ಎಲ್ಲಿ ನಿಲ್ಲಲಿ? ಹಿಂದೇನಾ, ಹಲಗೆ ಆಚೇನಾ?"

"ನನ್ನ ಬಲಕ್ಕೆ."

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು, ನರಳಿ, ಎದ್ದಳು. ನಾನೇ ಹಲಗೆಯನ್ನು ಗೋಡೆಗೆ ತಳ್ಳಿದೆ. ಮೌನಿ ಗಾಜಿನ ಆಚೆಯಿಂದ ನೋಡಿ, ಏನೂ ಕೇಳದೆ ಒಳಗೆ ಬಂದು ಒಂದು ಮೈಕನ್ನು ತೆಗೆದು ಇನ್ನೊಂದನ್ನು ನಡುವೆ ಇಟ್ಟು ಹೋದ. ನನ್ನ ಬಲಗೈಯನ್ನು ಕೆಳಗೆ ಬಿಟ್ಟೆ. ಗುಬ್ಬಿಯ ಕಿರುಬೆರಳು ಬಂದು ಕೊಂಡಿ ಹಾಕಿತು. ತಂಗಿಯ ಬೆರಳು ತೆಳ್ಳಗೆ, ತಣ್ಣಗೆ ಇರುತ್ತಿತ್ತು. ಇದು ದಪ್ಪ, ಬೆಚ್ಚಗೆ, ತುದಿಯಲ್ಲಿ ಒರಟು. ಕಿತ್ತುಕೊಳ್ಳಬೇಕು ಎನ್ನಿಸಿತು. ಕಿತ್ತುಕೊಳ್ಳಲಿಲ್ಲ.

"ನೀವು ಒತ್ತಿದ್ರೆ ನಾನು ಬಿಡಲ್ಲ," ಎಂದಳು ಮೆಲ್ಲಗೆ. "ಬಿಟ್ರೆ ಚಿವುಟಿ."

ಪುಟ್ಟ ಹೆಡ್‌ಫೋನಿನಲ್ಲಿ, ಇದು ಕೊನೇದು ದೊಡ್ಡಮ್ಮ, ಮೇಡಂ ಹೊರಡಬೇಕಂತೆ ಎಂದ. ಅವನ ದನಿಯಲ್ಲಿ ಆಸೆಯೇನೂ ಉಳಿದಿರಲಿಲ್ಲ. ತಂಪಿನ ಯಂತ್ರ ನಿಂತಿತು. ಎದುರಿನ ಸಣ್ಣ ಟೀವಿಯಲ್ಲಿ ಮುದುಕಿಯ ಕೈ ಕಾಣಿಸಿತು. ಕೆಳಗೆ ಗಂಡಸರ ಆಧಾರಸ್ವರ ಎದ್ದಿತು. ಟಿಕಿಟಿಕಿ ಶುರುವಾಯಿತು. ದಾರ ಹೊರಟಿತು, ನಾವೂ ಹೊರಟೆವು.

ಕಿಟಕಿ ದಾಟಿತು. ತಂತಿಯ ಉದ್ದಕ್ಕೂ ಬಟ್ಟೆಗಳು ಹೋದವು. ಸ್ವರ ಏರತೊಡಗಿತು. ಮಗುವಿನ ಗುಂಡಿ ಬಂತು. ನನ್ನ ಎದೆಯಲ್ಲಿ ಉಸಿರು ತಳ ಕಾಣುತ್ತಿತ್ತು. ಇನ್ನೇನು ನನ್ನ ಜಾಗ ಬರುತ್ತದೆ, ಅಲ್ಲಿ ಒತ್ತಿ ಉಸಿರು ತೆಗೆದುಕೊಳ್ಳುತ್ತೇನೆ ಎಂದು ಮೈ ಸಜ್ಜಾಗುತ್ತಿತ್ತು. ಸ್ವರ ಮೇಲೆ ಹೋಗಿ ನಿಂತಿತು. ಟೀವಿಯಲ್ಲಿ ಆಸ್ಪತ್ರೆಯ ಪರದೆ ಬಂತು. ಬೆರಳು ಒತ್ತಲು ನಾನು ಮನಸ್ಸು ಮಾಡುವಷ್ಟರಲ್ಲಿ ಗುಬ್ಬಿಯ ಬೆರಳು ನನ್ನ ಬೆರಳನ್ನು ಒತ್ತಿತು.

ನಾನು ಉಸಿರು ತಗೊಳ್ತೀನಿ, ನೀನು ಹಿಡಿದಿರು.

ಹಿಡಿದೆ. ಎಲ್ಲಿಂದ ಹಿಡಿದೆನೋ ಗೊತ್ತಿಲ್ಲ. ಎದೆಯಲ್ಲಿ ಏನೂ ಇರಲಿಲ್ಲ. ಪಕ್ಕೆಯೆಲುಬು ಒಳಕ್ಕೆ ಸೆಳೆದುಕೊಂಡವು, ಕಣ್ಣಿಗೆ ಕತ್ತಲೆ ಬಂತು. ಪಕ್ಕದಲ್ಲಿದ್ದ ದನಿ ಇಲ್ಲವಾಯಿತು. ನನ್ನ ದನಿಯೊಂದೇ ಪರದೆಯ ಅಂಚಿನಲ್ಲಿ ಹೋಗುತ್ತಿತ್ತು. ಅದು ತೆಳುವಾಗಬಾರದೆಂದು ತುಂಬಿದೆ. ಬೇಕಾದ್ದಕ್ಕಿಂತ ಹೆಚ್ಚೇ ತುಂಬಿದೆ. ಬರುತ್ತಾಳೆಯೇ ಎಂದು ಕಾಯುವ ಆ ಗಳಿಗೆ ನನಗೆ ಗೊತ್ತಿದ್ದದ್ದೇ. ಪರದೆ ಮುಗಿಯಿತು. ಅವಳು ಬಂದು ಸೇರಿಕೊಂಡಳು.

ಹಾಯಿ ಬಂತು. ಇನ್ನು ನನ್ನಿಂದ ಆಗುವಂತಿರಲಿಲ್ಲ. ಒತ್ತಿದೆ. ನನ್ನ ಬಾಯಿ ತೆರೆದು ಗಾಳಿ ಎಳೆದ ಕೂಡಲೇ ಪಕ್ಕದಲ್ಲಿ ಅವಳ ಭುಜ ಏಳತೊಡಗಿತು. ಜೀವಮಾನದ ರೂಢಿ. ಉಗುರು ಊರುವಂತೆ ಬೆರಳನ್ನು ಅಮುಕಿದೆ. ಭುಜ ನಡುವೆಯೇ ನಿಂತಿತು, ಇಳಿಯಿತು. ಸ್ವರ ಹಾಗೆಯೇ ಇತ್ತು. ನಾನು ಉಸಿರು ತುಂಬಿಕೊಂಡು ಅದರೊಳಗೆ ಸೇರಿದೆ. ದಾರ ಸೂಜಿಯ ಕಣ್ಣಿಗೆ ಬಂತು. ಇಬ್ಬರೂ ಕಂಪನಿಯ ಹೆಸರು ಹೇಳಿ ಮುಗಿಸಿದೆವು.

ಗಾಜಿನ ಆಚೆ ಮೌನಿ ಗುಂಡಿ ಒತ್ತಿದ. ಮೇಡಂ ಕಣ್ಣು ಮುಚ್ಚಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ತಾಗಿಸಿ ಮೆಲ್ಲಗೆ ಉಜ್ಜುತ್ತಿದ್ದರು. ಹಾಡು ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಹಾಕಿ ಎಂದರು. ಇನ್ನೊಮ್ಮೆ ಹಾಕಿದ. ಪುಟ್ಟ ಎರಡು ಕೈಯನ್ನೂ ತಲೆಯ ಹಿಂದೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

"ಪರದೆ ಹತ್ರ ಸ್ವಲ್ಪ ದಪ್ಪ ಆಗುತ್ತೆ," ಎಂದರು ಮೇಡಂ.

ಪುಟ್ಟ ಈ ಕಡೆ ತಿರುಗಿದ. "ಕಡಿಮೆ ಮಾಡ್ಬಹುದು. ಮಾಡ್ಲಾ?"

ಅವರು ಬೆರಳು ಉಜ್ಜುವುದನ್ನು ನಿಲ್ಲಿಸಿ ಕಣ್ಣು ತೆರೆದರು. "ಗಂಟಲ್ಲ ಅದು. ದಪ್ಪ ಅಷ್ಟೆ. ಇರ್ಲಿ ಬಿಡಿ." ಕೈಚೀಲ ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, ಇದೇ ಹೋಗಲಿ, ಮೀಟಿಂಗಿಗೆ ತಡವಾಗುತ್ತದೆ, ಬೇಗ ಒಂದು ಪ್ರತಿ ಮಾಡಿಕೊಡಿ ಎಂದರು.

ಪುಟ್ಟ ಗಾಜಿನ ಮೂಲಕ ನನ್ನನ್ನು ನೋಡಿದ. ಏನೋ ಹೇಳಲು ಗುಂಡಿಗೆ ಕೈ ಹಾಕಿದವನು ಅದು ಮೊದಲಿನಿಂದಲೂ ತೆರೆದೇ ಇತ್ತೆಂಬುದನ್ನು ಆಗ ಕಂಡ. ಅವನ ಮುಖ ಕೆಂಪಗಾಯಿತು. ನಾನು ಬೇರೆ ಕಡೆ ತಿರುಗಿಕೊಂಡೆ.

"ಅಕ್ಕ," ಎಂದಳು ಗುಬ್ಬಿ. "ನನ್ನ ಬೆರಳು ನನಗೆ ಕೊಟ್ರೆ ನೀರು ಕುಡೀತೀನಿ."

ನೋಡಿದೆ. ಇನ್ನೂ ಹಿಡಿದೇ ಇದ್ದೆ. ಬಿಟ್ಟೆ. ಅವಳ ಬೆರಳಿನ ಮೇಲೆ ನನ್ನ ಉಗುರಿನ ಗುರುತು ಅರ್ಧಚಂದ್ರದಂತೆ ಕೆಂಪಗೆ ಮೂಡಿತ್ತು. ಅದನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು.

"ಪರದೆ ಹತ್ರ ಬೇಕೂಂತಲೇ ಒತ್ತಿದ್ರಾ?" ಎಂದು ಕೇಳಿದೆ.

"ಬೇಕೂಂತ ಎಲ್ಲಿ ಬಂತು? ಆ ಮೆಟ್ಟಿಲು ಹತ್ತಿದ ದಣಿವು ಇನ್ನೂ ಇಳಿದಿಲ್ಲ. ಮುಗೀತು, ಒತ್ತಿದೆ. ನೀವು ಹಿಡಿದಿರ್ತೀರೋ ಇಲ್ವೋ ಅಂತ ನನಗೇ ನಂಬಿಕೆ ಇರ್ಲಿಲ್ಲ."

ಕೆಳಗೆ ಇಳಿಯುವಾಗ ಅವಳು ಒಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು, ಇನ್ನೊಂದನ್ನು ನನ್ನ ಕಡೆ ಚಾಚಿದಳು. ನಾನು ಅವಳ ಎಡಕ್ಕಿದ್ದೆ. ಬಲಗೈಯನ್ನೇ ಕೊಟ್ಟೆ.

ಮರುದಿನ ಬೆಳಗ್ಗೆ ಎದ್ದು, ಮುಖ ತೊಳೆದು, ಕಿಟಕಿ ತೆರೆದು, ಎಂದಿನ ಜಾಗದಲ್ಲಿ ಕುಳಿತೆ. ಪ್ರಾರ್ಥನೆಯನ್ನು ಹಾಡಿ ಹೇಳಿದೆ. ದನಿ ಒಡೆದಿತ್ತು, ಹಿಂದಿನ ದಿನದ ಶ್ರಮ. ಒಳಗಿನ ಕೋಣೆಯಲ್ಲಿ ಪುಟ್ಟನ ಮಗಳು ಏನೋ ಕೇಳಿದಳು. ಅವಳ ತಾಯಿ ಸುಮ್ಮನಿರು ಎಂದಳು. ಸ್ವರ ಏರಿತು. ಮೇಲೆ ಹೋಗಿ ನಿಂತಿತು. ನನ್ನ ಉಸಿರಿನ ಜಾಗ ಬಂತು. ಅಲ್ಲಿ ಯಾರೂ ಹಿಡಿಯಲಿಲ್ಲ. ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎತ್ತಿದ ಸದ್ದು ಒಳಗೆ ಬಂತು. ಉಸಿರು ತೆಗೆದುಕೊಂಡೆ. ಬಿಟ್ಟಲ್ಲಿಂದ ಮುಂದಕ್ಕೆ ಹಾಡಿದೆ.